ಸರ್ವರ್‌ನಲ್ಲಿ ಜುಪಿಟರ್ ಓಡ್ತಿದೆ, ನನ್ನ ಬ್ರೌಸರ್‌ನಲ್ಲಿ ಯಾಕೆ ತೆರೆಯುತ್ತಿಲ್ಲ?

ಪ್ರಶ್ನೆ: ದೂರದ ಲಿನಕ್ಸ್ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ಬಳಸುವ ಸಂಪರ್ಕ) ಮೂಲಕ ಲಾಗಿನ್ ಆಗಿ ಜುಪಿಟರ್‌ಲ್ಯಾಬ್ (ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ತಂತ್ರಾಂಶ) ಹಾಕಿಕೊಂಡೆ. ಶುರುವೂ ಆಯಿತು, ಒಂದು ಲಿಂಕ್ ಕೂಡ ಬಂತು. ಅದನ್ನು ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಹಾಕಿದರೆ ಏನೂ ತೆರೆಯುವುದಿಲ್ಲ. ಐಪಿಯನ್ನು 0.0.0.0 ಮಾಡು, ಸರಿಹೋಗುತ್ತೆ ಅಂತ ಸ್ನೇಹಿತರೊಬ್ಬರು ಹೇಳಿದರು. ಮಾಡಬಹುದಾ?

ಉತ್ತರ: ದಯವಿಟ್ಟು ಮಾಡಬೇಡಿ. ಅದಕ್ಕಿಂತ ಒಳ್ಳೆಯ ದಾರಿ ಇದೆ, ಕಷ್ಟವೂ ಅಲ್ಲ.

ಮೊದಲು ಆ ಲಿಂಕನ್ನೇ ನೋಡಿ. 127.0.0.1 ಅಥವಾ ಲೋಕಲ್‌ಹೋಸ್ಟ್ ಅಂತ ಇರುತ್ತದೆ. ಆಮೇಲೆ 8888 ಎಂಬ ಪೋರ್ಟ್, ಅಂದರೆ ಆ ಪ್ರೋಗ್ರಾಂಗೆ ಒಳಹೋಗುವ ಬಾಗಿಲಿನ ಸಂಖ್ಯೆ. ಕೊನೆಗೆ ಟೋಕನ್, ಅಂದರೆ ಪಾಸ್‌ವರ್ಡ್‌ನಂತೆ ಕೆಲಸ ಮಾಡುವ, ಅಕ್ಷರ, ಅಂಕಿ ಸೇರಿದ ಉದ್ದನೆಯ ಸಾಲು. ಇಲ್ಲಿ 127.0.0.1 ಅಂದರೆ ‘ಇದೇ ಕಂಪ್ಯೂಟರ್’. ಸರ್ವರ್ ಹಾಗೆ ಹೇಳಿದರೆ ಅದು ಸರ್ವರ್. ಅದೇ ವಿಳಾಸವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಬ್ರೌಸರ್ ಲ್ಯಾಪ್‌ಟಾಪ್‌ನೊಳಗೇ ಹುಡುಕುತ್ತದೆ. ಅಲ್ಲಿ ಜುಪಿಟರ್ ಇಲ್ಲ, ಅಲ್ವಾ? ಹಾಗಾಗಿ ನೀವು ಹಾಕಿಕೊಂಡದ್ದರಲ್ಲಿ ತಪ್ಪಿಲ್ಲ. ಅದನ್ನು ತೆಗೆದು ಮತ್ತೆ ಹಾಕುವ ಕೆಲಸ ಬೇಡ.

0.0.0.0 ಕೊಟ್ಟರೆ ಸರ್ವರ್‌ನ ಎಲ್ಲ ನೆಟ್‌ವರ್ಕ್‌ಗಳಿಂದಲೂ ಜುಪಿಟರ್ ಕರೆ ತೆಗೆದುಕೊಳ್ಳುತ್ತದೆ. ಸರ್ವರ್ ಇಂಟರ್ನೆಟ್‌ಗೆ ನೇರವಾಗಿ ತೆರೆದಿದ್ದು ಫೈರ್‌ವಾಲ್ ಅಡ್ಡ ಇಲ್ಲದಿದ್ದರೆ, ಯಾರು ಬೇಕಾದರೂ ನಿಮ್ಮ ಲಾಗಿನ್ ಪುಟದ ತನಕ ಬರಬಹುದು. ಟೋಕನ್ ಕಾಯುತ್ತದೆ, ನಿಜ. ಆದರೆ ಎಚ್‌ಟಿಟಿಪಿಎಸ್ ಹಾಕಿಕೊಳ್ಳದಿದ್ದರೆ ಆ ಟೋಕನ್ನೇ ದಾರಿಯಲ್ಲಿ ಬಿಚ್ಚಿಟ್ಟ ಹಾಗೆ ಹೋಗುತ್ತದೆ. ಜುಪಿಟರ್‌ಲ್ಯಾಬ್‌ನಲ್ಲಿ ಪೂರಾ ಟರ್ಮಿನಲ್ ಇದೆ. ಒಳಗೆ ಬಂದವರು ನಿಮ್ಮ ಹೆಸರಲ್ಲಿ ಫೈಲ್ ಅಳಿಸಬಹುದು, ಕೀಗಳನ್ನು ಕದಿಯಬಹುದು, ಯಾವ ಪ್ರೋಗ್ರಾಂ ಬೇಕಾದರೂ ಓಡಿಸಬಹುದು. ಇದನ್ನು ಒತ್ತಿ ಹೇಳುತ್ತಿರುವುದು ಸುಮ್ನೆ ಹೆದರಿಸಲು ಅಲ್ಲ.

ಸರಿಯಾದ ದಾರಿ ಎಸ್‌ಎಸ್‌ಎಚ್ ಟನಲ್, ಅಂದರೆ ಲ್ಯಾಪ್‌ಟಾಪ್‌ನ ಒಂದು ಪೋರ್ಟನ್ನು ಎಸ್‌ಎಸ್‌ಎಚ್ ಒಳಗಿಂದಲೇ ಸರ್ವರ್‌ನ ಪೋರ್ಟ್‌ಗೆ ಜೋಡಿಸುವುದು. ಸರ್ವರ್‌ನಲ್ಲಿ ಜುಪಿಟರ್ ಈಗ ಇರುವ ಹಾಗೇ ಇರಲಿ. ಶುರು ಮಾಡುವಾಗ ‘ನೋ-ಬ್ರೌಸರ್’ (--no-browser) ಆಯ್ಕೆ ಕೊಟ್ಟರೆ ಸಾಕು. ಇನ್ನು ಲ್ಯಾಪ್‌ಟಾಪ್‌ನಲ್ಲಿ ಹೊಸ ಟರ್ಮಿನಲ್ ತೆರೆಯಿರಿ. ನೀವು ದಿನಾ ಕೊಡುವ ಎಸ್‌ಎಸ್‌ಎಚ್ ಕಮ್ಯಾಂಡೇ ಇರಲಿ. ಅದರ ನಡುವೆ ಕ್ಯಾಪಿಟಲ್ ಎಲ್ ಆಯ್ಕೆ (-L) ಹಾಕಿ, ಮುಂದೆ 8888:localhost:8888 ಅಂತ ಬರೆಯಿರಿ. ಮೊದಲ 8888 ಲ್ಯಾಪ್‌ಟಾಪ್‌ನ ಪೋರ್ಟ್. ಉಳಿದದ್ದು ಸರ್ವರ್ ಕಡೆಯದು, ಆ ಲೋಕಲ್‌ಹೋಸ್ಟ್ ಕೂಡ ಸರ್ವರೇ. ಕ್ಯಾಪಿಟಲ್ ಎನ್ (-N) ಕೂಡ ಸೇರಿಸಿದರೆ ಶೆಲ್ (ಸರ್ವರ್‌ಗೆ ಕಮ್ಯಾಂಡ್ ಕೊಡುವ ಜಾಗ) ತೆರೆಯದೆ ಬರೀ ಟನಲ್ ನಿಲ್ಲುತ್ತದೆ. ಪರದೆ ಸುಮ್ಮನೆ ನಿಂತಂತೆ ಕಾಣುತ್ತದೆ, ಗಾಬರಿ ಬೇಡ. ಈಗ ಮೊದಲಿನ ಲಿಂಕನ್ನೇ ಬ್ರೌಸರ್‌ಗೆ ಹಾಕಿ. ತೆರೆಯುತ್ತದೆ.

ಪುಟ ತೆರೆದು ಟೋಕನ್ ತಪ್ಪು ಅಂದರೆ? ಲ್ಯಾಪ್‌ಟಾಪ್‌ನಲ್ಲೂ ಒಂದು ಜುಪಿಟರ್ ಓಡುತ್ತಿದ್ದು, 8888 ಅದರ ಕೈಯಲ್ಲಿರುವ ಸಾಧ್ಯತೆ ಜಾಸ್ತಿ. ಆಗ ಮೊದಲ ಸಂಖ್ಯೆಯನ್ನು 9999 ಮಾಡಿ, ಲಿಂಕ್‌ನಲ್ಲೂ ಹಾಗೇ ಬದಲಿಸಿ. ಟನಲ್ ಇರುವ ಟರ್ಮಿನಲ್‌ನಲ್ಲಿ ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಸರ್ವರ್ ಕಡೆಯ ಸಂಖ್ಯೆ ನೋಡಿ. 8888 ಖಾಲಿ ಇಲ್ಲದಿದ್ದರೆ ಜುಪಿಟರ್ ತಾನೇ 8889ಕ್ಕೆ ಹೋಗಿರುತ್ತದೆ.

ಇನ್ನೊಂದು ಮಾತು. ಎಸ್‌ಎಸ್‌ಎಚ್ ಕಡಿದರೆ ಅದರಲ್ಲಿ ಶುರು ಮಾಡಿದ ಜುಪಿಟರ್ ಕೂಡ ಸಾಮಾನ್ಯವಾಗಿ ನಿಲ್ಲುತ್ತದೆ. ಆದ್ದರಿಂದ ಅದನ್ನು ಸರ್ವರ್‌ನಲ್ಲಿ ಟಿಮಕ್ಸ್ (tmux, ಸಂಪರ್ಕ ಕಡಿದರೂ ಟರ್ಮಿನಲ್ ಕೆಲಸವನ್ನು ನಡೆಸಿಕೊಂಡು ಹೋಗುವ ಪ್ರೋಗ್ರಾಂ) ಒಳಗೆ ಓಡಿಸಿ. ಆಗ ಟನಲ್ ಹೋದರೂ ಕೆಲಸ ನಡೆಯುತ್ತಿರುತ್ತದೆ, ಟನಲ್ ಮತ್ತೆ ಹಾಕಿದರೆ ಆಯಿತು. ಆದರೆ ಬ್ರೌಸರ್ ಮುಚ್ಚಿದ್ದಾಗ ಬಂದ ಔಟ್‌ಪುಟ್ ನೋಟ್‌ಬುಕ್‌ನಲ್ಲಿ ಕಾಣದೇ ಹೋಗಬಹುದು. ಗಂಟೆಗಟ್ಟಲೆ ಓಡುವ ಲೆಕ್ಕವಾದರೆ ಫಲಿತಾಂಶವನ್ನು ಕೋಡ್‌ನಿಂದಲೇ ಫೈಲಿಗೆ ಬರೆಸಿಬಿಡಿ.