ಒಂದು ಕಡೆಯ ಪತ್ರಗಳಿಂದ ಕಟ್ಟಿದ ಸ್ನೇಹ

ಜೀವನಚಿತ್ರದ ಕರಡನ್ನು ಹಿಡಿದು ಬರುವ ಹೊಸ ಲೇಖಕರಿಗೆ ನಾನು ಮೊದಲು ಕೇಳುವುದು ಕಥೆಯ ಬಗ್ಗೆ ಅಲ್ಲ; ಯಾರ ಪತ್ರಗಳು ನಿಮ್ಮ ಕೈಯಲ್ಲಿವೆ ಎಂದು ಕೇಳುತ್ತೇನೆ. ಚಿತ್ರಕಥೆ ತಿದ್ದುವ ಕೆಲಸದಲ್ಲಿ ಕಲಿತ ಪಾಠವಿದು. ಇಬ್ಬರ ನಡುವಿನ ಆಪ್ತತೆಯನ್ನು ಬರೆಯುವಾಗ ಯಾರ ಮಾತು ಉಳಿದಿದೆಯೋ ಅವರು ತಾವಾಗಿಯೇ ನಾಯಕರಾಗಿಬಿಡುತ್ತಾರೆ, ಯಾರ ಮಾತು ಕಳೆದುಹೋಗಿದೆಯೋ ಅವರ ಬಾಯಿಗೆ ಲೇಖಕ ತನ್ನ ಮಾತನ್ನು ತುರುಕುತ್ತಾನೆ. ಇದಕ್ಕೆ ನಾನು ಮತ್ತೆ ಮತ್ತೆ ತೋರಿಸುವ ಉದಾಹರಣೆ, ಪಾಲ್ ಮಾರಿಸನ್ ನಿರ್ದೇಶಿಸಿ ಫಿಲಿಪ್ಪಾ ಗೋಸ್ಲೆಟ್ ಬರೆದ 2008ರ ‘ಲಿಟ್ಲ್ ಆ್ಯಶಸ್’.

ಚಿತ್ರ ಆರಂಭವಾಗುವುದು 1922ರಲ್ಲಿ. ಮುಂದೆ ಹೆಸರಾಂತ ಚಿತ್ರಕಾರನಾಗಲಿದ್ದ ಹದಿನೆಂಟು ವರ್ಷದ ಸಾಲ್ವಡೋರ್ ಡಾಲಿ, ಉದ್ದ ಕೂದಲು ಮತ್ತು ವಿಚಿತ್ರ ವೇಷದೊಂದಿಗೆ, ಮ್ಯಾಡ್ರಿಡ್ಡಿನ ರೆಸಿಡೆನ್ಸಿಯಾ ಎಂಬ ವಿದ್ಯಾರ್ಥಿನಿಲಯಕ್ಕೆ ಬರುತ್ತಾನೆ. ಅಲ್ಲಿ ಆಗಲೇ ನೆಲೆಯೂರಿದ್ದವರು ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ಮತ್ತು ಮುಂದೆ ಚಿತ್ರನಿರ್ದೇಶಕನಾಗಲಿದ್ದ ಲೂಯಿಸ್ ಬುನ್ಯುಯೆಲ್. ರಾಬರ್ಟ್ ಪ್ಯಾಟಿನ್ಸನ್ ಡಾಲಿಯಾಗಿ, ಹಾವಿಯೆರ್ ಬೆಲ್ತ್ರಾನ್ ಲೋರ್ಕಾನಾಗಿ ನಟಿಸಿದ್ದಾರೆ. ಚಿತ್ರದ ಹೆಸರು ಡಾಲಿ 1927–28ರಲ್ಲಿ ಬಿಡಿಸಿದ, ಈಗ ಮ್ಯಾಡ್ರಿಡ್ಡಿನ ರೇನಾ ಸೊಫಿಯಾ ಸಂಗ್ರಹಾಲಯದಲ್ಲಿರುವ ಕಲಾಕೃತಿಯದ್ದು. ಅದರಲ್ಲಿ ಕಣ್ಣು ಮುಚ್ಚಿ ಬಿದ್ದಿರುವ ತಲೆ ಲೋರ್ಕಾನದೆಂದು ಅನೇಕ ವಿಮರ್ಶಕರು ಗುರುತಿಸುತ್ತಾರೆ.

ಈಗ ಪತ್ರಗಳ ಲೆಕ್ಕಕ್ಕೆ ಬರೋಣ. ಡಾಲಿ ಲೋರ್ಕಾನಿಗೆ ಬರೆದ ಸುಮಾರು ನಲವತ್ತು ಪತ್ರಗಳು ಉಳಿದಿವೆ. ಲೋರ್ಕಾ ಡಾಲಿಗೆ ಬರೆದವುಗಳಲ್ಲಿ ಉಳಿದಿರುವುದು ತೀರಾ ಕಡಿಮೆ. ಅಂದರೆ ಪ್ರೀತಿಸಿದವನ ದನಿ ಹೆಚ್ಚುಕಡಿಮೆ ಅಳಿಸಿಹೋಗಿದ್ದು, ಆ ಪ್ರೀತಿಯನ್ನು ಅತ್ತ ಒಪ್ಪದೆ ಇತ್ತ ಬಿಡದೆ ಆಟವಾಡಿದವನ ದನಿ ಮಾತ್ರ ಕೇಳಿಸುತ್ತದೆ. ಇನ್ನು ಡಾಲಿ ವಯಸ್ಸಾದ ಮೇಲೆ ಸಂದರ್ಶನಗಳಲ್ಲಿ ಆಡಿದ ಮಾತುಗಳು, ಲೋರ್ಕಾ ತನ್ನನ್ನು ದೈಹಿಕವಾಗಿ ಬಯಸಿದ್ದನೆಂದೂ ತಾನು ಒಪ್ಪಲಿಲ್ಲವೆಂದೂ ಹೇಳಿದ್ದು, ಸಾಕ್ಷ್ಯವೆನಿಸುವಷ್ಟೇ ಪ್ರದರ್ಶನವೂ ಆಗಿವೆ. ತನ್ನ ಬದುಕನ್ನೇ ಪ್ರಚಾರಪತ್ರವಾಗಿ ಮಾಡಿಕೊಂಡಿದ್ದ ಮನುಷ್ಯನ ಮಾತನ್ನು ಚಿತ್ರಕಥೆಯ ಬೆನ್ನೆಲುಬಾಗಿ ಇಟ್ಟುಕೊಳ್ಳುವಾಗ ಕೈ ಸ್ವಲ್ಪ ನಡುಗಬೇಕು.

ಈ ಖಾಲಿ ಜಾಗವನ್ನು ಚಿತ್ರ ತುಂಬುವುದು ಡಾಲಿ ಕುಟುಂಬದ ಬೇಸಿಗೆಮನೆಯಿದ್ದ ಕದಾಕೆಸ್ ಊರಿನ ಕಡಲಿನಲ್ಲಿ ಬೆಳದಿಂಗಳ ಈಜಿನಿಂದ, ನೀಲಿ ಬೆಳಕಿನ ಚುಂಬನದಿಂದ. ದೃಶ್ಯ ಸುಂದರವಾಗಿದೆ, ಆದರೆ ಯಾವ ಇಬ್ಬರು ಪ್ರೇಮಿಗಳಿಗಾದರೂ ಹೊಂದುತ್ತದೆ. ದಾಖಲೆಯಲ್ಲಿ ಇರುವುದು ಇದಕ್ಕಿಂತ ವಿಚಿತ್ರ, ಇದಕ್ಕಿಂತ ಆಪ್ತ. 1925ರ ಈಸ್ಟರ್ ಹೊತ್ತಿನಲ್ಲಿ ಲೋರ್ಕಾ ಕದಾಕೆಸ್‌ಗೆ ಬಂದ. ಹಾಸಿಗೆಯಲ್ಲಿ ಸತ್ತವನಂತೆ ಮಲಗಿ, ಕೊಳೆಯುವ ಹಂತಗಳನ್ನೆಲ್ಲ ಅಭಿನಯಿಸಿ ಗೆಳೆಯರನ್ನು ಹೆದರಿಸುವುದು ಅವನ ಹಳೆಯ ಆಟ. ಡಾಲಿಯ ತಂಗಿ ಆನಾ ಮಾರಿಯಾ ಆ ಸಾವಿನ ನಟನೆಯ ಛಾಯಾಚಿತ್ರವನ್ನೂ ತೆಗೆದಿದ್ದಾಳೆ. ಮುಂದೆ ಡಾಲಿಯ ಕ್ಯಾನ್ವಾಸುಗಳ ಮರಳಿನ ಮೇಲೆ ಕಣ್ಣು ಮುಚ್ಚಿದ ತಲೆಗಳು ಬಿದ್ದಿರುವುದನ್ನು ಕಂಡಾಗ ಆ ಆಟ ನೆನಪಾಗದೆ ಇರುವುದಿಲ್ಲ. ಪರದೆಯ ಮೇಲೆ ಸತ್ತಂತೆ ಮಲಗಿದವನನ್ನು ಗೆಳೆಯನೊಬ್ಬ ಕುಳಿತು ಚಿತ್ರಿಸುತ್ತಿರುವುದನ್ನು ಊಹಿಸಿ ನೋಡಿ. ಚುಂಬನದ ಅಗತ್ಯವೇ ಬೀಳುವುದಿಲ್ಲ.

ಇವರಿಬ್ಬರ ನಡುವೆ ಒಂದು ಗುಪ್ತಭಾಷೆಯೂ ಇತ್ತು. ಬಾಣಗಳಿಂದ ಚುಚ್ಚಲ್ಪಟ್ಟು ನೋವನ್ನು ತೋರಗೊಡದೆ ನಿಂತಿರುವ ಸಂತ ಸೆಬಾಸ್ಟಿಯನ್ ಆ ಭಾಷೆಯ ನಡುಗಂಬ. 1927ರಲ್ಲಿ ಡಾಲಿ ಆ ಸಂತನ ಹೆಸರಿನಲ್ಲಿ ಒಂದು ಪ್ರಬಂಧ ಬರೆದು ಲೋರ್ಕಾನಿಗೆ ಅರ್ಪಿಸಿದ. ಅದರಲ್ಲಿ ಭಾವುಕತೆಯನ್ನು ತೊರೆದ ಶೀತಲ ವಸ್ತುನಿಷ್ಠತೆಯ ಹೊಗಳಿಕೆ ಇದೆ, ಭಾವವೇ ಉಸಿರಾಗಿದ್ದ ಕವಿಗೆ ಅದು ಅರ್ಪಣೆಯೂ ಹೌದು, ಬಾಗಿಲು ಮುಚ್ಚಿದ ಸದ್ದೂ ಹೌದು. ಇದಕ್ಕೂ ಮೊದಲು, 1926ರಲ್ಲಿ, ಲೋರ್ಕಾ ‘ಸಾಲ್ವಡೋರ್ ಡಾಲಿಗೆ ಪ್ರಗಾಥ’ವನ್ನು ಪ್ರಕಟಿಸಿದ್ದ. ಅದರಲ್ಲಿ ಅವನು ಗೆಳೆಯನ ಅಪಕ್ವ ಕುಂಚವನ್ನು ಹೊಗಳುವುದಿಲ್ಲ, ಅದರ ಹಿಂದಿನ ಹಂಬಲವನ್ನು ಹಾಡುತ್ತಾನೆ. ಬಯಕೆಯನ್ನು ನೇರವಾಗಿ ಆಡಲಾಗದ ಕಾಲ ಮತ್ತು ದೇಶದಲ್ಲಿ ಇವರು ಆಡಿಕೊಂಡದ್ದು ಇಂಥ ಕೃತಿಗಳ ಮೂಲಕವೇ. 1927ರ ಜೂನ್‌ನಲ್ಲಿ ಬಾರ್ಸಿಲೋನಾದಲ್ಲಿ ಲೋರ್ಕಾನ ‘ಮರಿಯಾನಾ ಪಿನೇದಾ’ ರಂಗಕ್ಕೆ ಬಂದಾಗ ಅದರ ರಂಗಸಜ್ಜು ಡಾಲಿಯದು. ಇಬ್ಬರು ಒಂದೇ ರಂಗದ ಮೇಲೆ ಕೆಲಸ ಮಾಡುವ ದೃಶ್ಯಕ್ಕಿಂತ ಸಿನಿಮಾಕ್ಕೆ ಇನ್ನೇನು ಬೇಕಿತ್ತು?

ಮುರಿದದ್ದೂ ಕಾಗದದ ಮೇಲೆಯೇ. 1928ರಲ್ಲಿ ಲೋರ್ಕಾನ ‘ಜಿಪ್ಸಿ ಲಾವಣಿಗಳು’ ಬಂದು ದೇಶವೆಲ್ಲ ಮೆಚ್ಚಿದಾಗ, ಡಾಲಿ ಆ ಕಾವ್ಯ ಹಳೆಯ ಸಂಪ್ರದಾಯಕ್ಕೆ ಕಟ್ಟುಬಿದ್ದಿದೆಯೆಂದು ಉದ್ದನೆಯ ಪತ್ರ ಬರೆದ. ಮರುವರ್ಷ ಜೂನ್ ತಿಂಗಳಲ್ಲಿ ಡಾಲಿ ಮತ್ತು ಬುನ್ಯುಯೆಲ್ ಸೇರಿ ಮಾಡಿದ ಚಿತ್ರ ‘ಆಂಡಲೂಸಿಯಾದ ನಾಯಿ’ ಪ್ಯಾರಿಸ್ಸಿನಲ್ಲಿ ತೆರೆ ಕಂಡಿತು. ದಕ್ಷಿಣ ಸ್ಪೇನಿನ ಆಂಡಲೂಸಿಯಾದವನಾದ ಲೋರ್ಕಾ ಆ ನಾಯಿ ತಾನೇ ಎಂದು ನೊಂದುಕೊಂಡ, ಬುನ್ಯುಯೆಲ್ ಹಾಗಲ್ಲವೆಂದ. ಅದೇ ತಿಂಗಳಲ್ಲಿ ಲೋರ್ಕಾ ನ್ಯೂಯಾರ್ಕಿಗೆ ಹೊರಟ. ಆ ಬೇಸಿಗೆಯಲ್ಲಿ ಡಾಲಿಯ ಬದುಕಿಗೆ, ಮುಂದೆ ಅವನ ಹೆಂಡತಿಯಾಗಲಿದ್ದ ಗಾಲಾ ಬಂದಳು.

ಚಿತ್ರದ ಮಗ್ದಲೇನಾ ಎಂಬ ಪಾತ್ರದ ಬಗ್ಗೆಯೂ ಒಂದು ತಕರಾರಿದೆ. ಲೋರ್ಕಾನ ಪಕ್ಕಕ್ಕೆ ಒಬ್ಬ ಹೆಣ್ಣನ್ನು ತರಲು ಕಲ್ಪಿಸಿಕೊಂಡ ಪಾತ್ರವದು. ಆದರೆ ಕಲ್ಪನೆಗೆ ಹೋಗುವ ಅಗತ್ಯವಿರಲಿಲ್ಲ. ಚಿತ್ರಕಲಾ ಅಕಾಡೆಮಿಯಲ್ಲಿ ಡಾಲಿಯ ಸಹಪಾಠಿಗಳಾದ ಮಾರುಹಾ ಮಾಯೋ ಮತ್ತು ಮಾರ್ಗರೀತಾ ಮಾನ್ಸೊ, ಬರಿತಲೆಯಲ್ಲಿ ಹೊರಗೆ ಬರುವುದೇ ಅಸಭ್ಯವೆನಿಸಿದ್ದ ಆ ಕಾಲದಲ್ಲಿ ಡಾಲಿ ಮತ್ತು ಲೋರ್ಕಾರ ಜೊತೆ ಟೋಪಿಯಿಲ್ಲದೆ ಮ್ಯಾಡ್ರಿಡ್ಡಿನ ಪುಯೆರ್ತಾ ದೆಲ್ ಸೋಲ್ ಚೌಕವನ್ನು ದಾಟಿ ಜನರಿಂದ ಬೈಗುಳ ತಿಂದದ್ದನ್ನು ಮಾಯೋ ಮುಂದೆ ನೆನೆಸಿಕೊಂಡಿದ್ದಾಳೆ. ಹೆಸರುಳ್ಳ ಕಲಾವಿದೆಯರನ್ನು ಬಿಟ್ಟು ಹೆಸರಿಲ್ಲದ ನೆರಳನ್ನು ನೇಯುವುದು ನಮ್ಮ ಕಸುಬಿನ ಹಳೆಯ ಸೋಮಾರಿತನ.

ಪ್ಯಾಟಿನ್ಸನ್ ಅಭಿನಯಕ್ಕೆ ನನ್ನ ಆಕ್ಷೇಪ ಕಡಿಮೆ. ನಾಚುವ ಹುಡುಗ ವೇಷದ ಹಿಂದೆ ಅಡಗುವುದನ್ನು ಆತ ಚೆನ್ನಾಗಿ ಹಿಡಿದಿದ್ದಾನೆ. ಕೊರತೆ ಇರುವುದು ಚಿತ್ರಕಥೆಯಲ್ಲಿ.

ನನಗೆ ಬರೆಯಲು ಕೊಟ್ಟಿದ್ದರೆ 1935ರ ಸೆಪ್ಟೆಂಬರಿನಿಂದ ಆರಂಭಿಸುತ್ತಿದ್ದೆ. ಏಳು ವರ್ಷ ಒಬ್ಬರನ್ನೊಬ್ಬರು ಕಾಣದೆ ಇದ್ದ ನಂತರ ಬಾರ್ಸಿಲೋನಾದಲ್ಲಿ ಇಬ್ಬರೂ ಮತ್ತೆ ಭೇಟಿಯಾದರು. ಲೋರ್ಕಾನ ಗೌರವಾರ್ಥ ಸಂಗೀತ ಕಛೇರಿಯೊಂದು ಏರ್ಪಾಡಾಗಿತ್ತು, ಅತಿಥಿಗಳು ಕುಳಿತಿದ್ದರು, ಗೌರವಿಸಬೇಕಾದವನೇ ಬರಲಿಲ್ಲ. ಡಾಲಿಯ ಜೊತೆ ತಾರಗೋನಾಗೆ ಹೋಗಿಬಿಟ್ಟಿದ್ದ. ಮುಂದಿನ ಆಗಸ್ಟ್‌ನಲ್ಲಿ ಅಂತರ್ಯುದ್ಧದ ಆರಂಭದಲ್ಲಿ ಫ್ರಾಂಕೊ ಪಕ್ಷದವರು ಗ್ರಾನಡಾದ ಹೊರಗೆ ಲೋರ್ಕಾನನ್ನು ಗುಂಡಿಟ್ಟು ಕೊಂದರು, ಶವ ಇವತ್ತಿಗೂ ಸಿಕ್ಕಿಲ್ಲ. ಆ ಸಭಾಂಗಣ, ಕಾಯುತ್ತಿರುವ ಜನ, ಮುಂದಿನ ಸಾಲಿನಲ್ಲಿ ಒಂದು ಖಾಲಿ ಕುರ್ಚಿ: ಮೊದಲ ಪುಟಕ್ಕೆ ಇಷ್ಟೇ ಬರೆಯುತ್ತಿದ್ದೆ.