ಸಬ್‌ವೂಫರ್ ಜೋಡಿಸಿದೊಡನೆ ಗುಂಯ್ ಎನ್ನುವುದೇಕೆ?

ಪ್ರಶ್ನೆ: ಆಲ್ದೂರು ಬಳಿ ನಮ್ಮ ತೋಟದ ಮನೆ. ಹಳೆಯ ಸ್ಟೀರಿಯೊ ಆಂಪ್ಲಿಫೈಯರಿಗೆ ಹೊಸ ಸಬ್‌ವೂಫರ್ ಜೋಡಿಸಿದ್ದೇನೆ. ಹಾಡು ನಿಲ್ಲಿಸಿದರೂ ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ. ಪ್ಲಗ್ಗಿನ ಅರ್ತಿಂಗ್ ಪಿನ್ ಕಿತ್ತರೆ ಸರಿಹೋಗುತ್ತದೆ ಎನ್ನುತ್ತಾರೆ. ಕೀಳಬಹುದೇ?

ದಯವಿಟ್ಟು ಕೀಳಬೇಡಿ. ಸದ್ದು ನಿಲ್ಲಬಹುದು, ನಿಜ. ಆದರೆ ಒಳಗಿನ ತಂತಿಯೊಂದು ಸಡಿಲಗೊಂಡು ಲೋಹದ ಪೆಟ್ಟಿಗೆಗೆ ತಗುಲಿದ ದಿನ 230 ವೋಲ್ಟ್ ವಿದ್ಯುತ್ತಿಗೆ ನೆಲ ಸೇರಲು ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಮಳೆಗಾಲವಿಡೀ ನೆಲ ತೇವವಾಗಿರುವ ನಮ್ಮ ಮಲೆನಾಡಿನ ಮನೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ ಮಾಡಿರುವುದೇ ಅದು ಮೊದಲು ಕೂಡಲಿ, ಕೊನೆಗೆ ಬಿಡಲಿ ಎಂದು.

ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅಷ್ಟು ತಗ್ಗಿನ ಸ್ವರ ನುಡಿಸಲು ಪುಟ್ಟ ಸ್ಪೀಕರುಗಳಿಗೆ ಬಾರದು. ಸಬ್‌ವೂಫರಿಗೆ ಅದೇ ಕಸುಬು. ದೋಷ ನಿಮ್ಮ ಮನೆಯಲ್ಲಿ ಮೊದಲೇ ಇದ್ದಿರಬಹುದು, ಈಗ ಅದಕ್ಕೆ ಬಾಯಿ ಬಂದಿದೆ.

ಆಂಪ್ಲಿಫೈಯರ್ ಒಂದು ಸಾಕೆಟ್ಟಿನಲ್ಲಿ, ಸಬ್‌ವೂಫರ್ ದೂರದ ಮೂಲೆಯ ಇನ್ನೊಂದು ಸಾಕೆಟ್ಟಿನಲ್ಲಿ ಇದ್ದರೆ ಎರಡೂ ಬೇರೆ ಬೇರೆ ದಾರಿಯಲ್ಲಿ ನೆಲ ಸೇರುತ್ತವೆ. ನಡುವೆ ನೀವು ಎಳೆದ, ಹಾಡಿನ ಸಂಕೇತ ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಜಾಲರಿ ಆ ಎರಡನ್ನೂ ಕೂಡಿಸಿ ಒಂದು ಉಂಗುರ ಮಾಡುತ್ತದೆ. ಎರಡು ಕಡೆಯ ಅರ್ತಿಂಗ್ ನಡುವೆ ಕೆಲವೇ ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಜಾಲರಿಯಲ್ಲಿ ವಿದ್ಯುತ್ ಹರಿಯುತ್ತದೆ. ಹಾಡಿನ ಸಂಕೇತ ಮರಳುವುದೂ ಅದೇ ಜಾಲರಿಯಲ್ಲಿ. ಹೀಗೆ ಎರಡೂ ಬೆರೆಯುತ್ತವೆ. ಹಳೆಯ ತೋಟದ ಮನೆಗಳಲ್ಲಿ ಮೂಲ ಮನೆಗೊಂದು, ಆಮೇಲೆ ಸೇರಿಸಿದ ಕೋಣೆಗಳಿಗೊಂದು ಅರ್ತಿಂಗ್ ಗುಂಡಿ ಇರುವುದುಂಟು. ಬೇಸಿಗೆಯಲ್ಲಿ ಒಂದು ಒಣಗಿದರೆ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ.

ಹಾಗಾಗಿ ಮೊದಲ ಮದ್ದು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತರುವುದು. 6 ಆಂಪಿಯರ್ ಸಾಕೆಟ್ ಸುಮಾರು 1,380 ವ್ಯಾಟ್ ತಡೆಯುತ್ತದೆ. ಮನೆಯ ಆಂಪ್ಲಿಫೈಯರ್ ಮತ್ತು ಸಬ್‌ವೂಫರಿಗೆ ಅದು ಧಾರಾಳ. ಅಷ್ಟರಿಂದಲೇ ಎಷ್ಟೋ ಮನೆಗಳಲ್ಲಿ ಸದ್ದು ಅಡಗುತ್ತದೆ.

ಅಡಗದಿದ್ದರೆ ಕಳ್ಳನನ್ನು ಹುಡುಕಬೇಕು. ಪ್ರತಿ ಸಲವೂ ಎರಡನ್ನೂ ಆರಿಸಿಯೇ ಕೇಬಲ್ ಕೀಳಿ, ಹಾಕಿ. ಆರ್‌ಸಿಎ ಪ್ಲಗ್ಗಿನ ನಡುಪಿನ್ ಜಾಲರಿಗಿಂತ ಮೊದಲು ತಾಗುವುದರಿಂದ ಚಾಲೂ ಇದ್ದಾಗ ಜೋಡಿಸಿದರೆ ಢಂ ಎಂದು ಸ್ಪೀಕರಿನ ಕೋನ್ ಹರಿದೀತು. ಸಬ್‌ವೂಫರಿನಿಂದ ಸಂಕೇತದ ಕೇಬಲ್ ತೆಗೆದ ಮೇಲೂ ಗುಂಯ್ ಎಂದರೆ ದೋಷ ಅದರೊಳಗೇ ಇದೆ, ರಿಪೇರಿಗೆ ಒಯ್ಯಿರಿ. ನಿಂತರೆ ಕೇಬಲ್ ಮತ್ತೆ ಹಾಕಿ, ಆಂಪ್ಲಿಫೈಯರಿಗೆ ಬರುವ ಉಳಿದ ತಂತಿಗಳನ್ನೆಲ್ಲ ಬಿಡಿಸಿ, ಒಂದೊಂದಾಗಿ ಸೇರಿಸುತ್ತ ಕಿವಿಗೊಡಿ.

ಚಿಕ್ಕಮಗಳೂರಿನ ನನ್ನ ಮನೆಯಲ್ಲಿ ಹೀಗೆ ಹುಡುಕಿದಾಗ ಸಿಕ್ಕಿದ್ದು ಛಾವಣಿಯ ಡಿಶ್. ಅದರ ಕೇಬಲ್ಲನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿದ ಕ್ಷಣವೇ ಕೋಣೆ ಮೌನವಾಯಿತು. ಎರಡು ವಾರ ಸಬ್‌ವೂಫರನ್ನೇ ದೂರಿದ್ದೆ. ನಿಮ್ಮ ಟಿವಿಯ ಧ್ವನಿಯೂ ಆಂಪ್ಲಿಫೈಯರಿಗೆ ಬರುತ್ತಿದ್ದರೆ ಮೊದಲು ಇದನ್ನೇ ನೋಡಿ. ಡಿಶ್ ಕೇಬಲ್ಲಿನ ಜಾಲರಿಯೂ ನೆಲ ಸೇರುವುದರಿಂದ, ಆಂಪ್ಲಿಫೈಯರಿಗೆ ಅರ್ತಿಂಗ್ ಇಲ್ಲದೆ ಎರಡೇ ಪಿನ್ ಇದ್ದರೂ ಉಂಗುರ ಈ ದಾರಿಯಲ್ಲಿ ಕೂಡಿಕೊಳ್ಳುತ್ತದೆ. ಲೋಹದ ಸಂಪರ್ಕ ಕಡಿದು ಸಂಕೇತವನ್ನಷ್ಟೇ ದಾಟಿಸಲು ಕೇಬಲ್ ಟಿವಿಗೆಂದು ಮಾರುವ ಐಸೊಲೇಟರನ್ನು ಡಿಶ್‌ಗೆ ಹಾಕಬೇಡಿ. ಡಿಶ್ಶಿನ ಮುಂದಿರುವ ಸಂಕೇತ ಹಿಡಿಯುವ ಸಾಧನ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಹೋಗುವುದು ಅದೇ ಕೇಬಲ್ಲಿನಲ್ಲಿ; ಅದು ಕಡಿದರೆ ಚಿತ್ರವೇ ಬರುವುದಿಲ್ಲ. ಬದಲಿಗೆ ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದು, ಪುಟ್ಟ ಡಿಜಿಟಲ್ ಪರಿವರ್ತಕವೊಂದರ ಮೂಲಕ ಹಳೆಯ ಆಂಪ್ಲಿಫೈಯರಿಗೆ ಕೊಡಿ. ಆ ಕೇಬಲ್ಲಿನಲ್ಲಿ ಸಾಗುವುದು ಬೆಳಕು. ಗುಂಯ್ ದಾಟಿ ಬರಲು ಲೋಹವೇ ಇಲ್ಲ.

ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಜುಂಯ್ ಎಂಬ ಒರಟು ಸದ್ದು ಬರುತ್ತಿದ್ದರೆ ಅದು ಬೇರೆಯೇ ಕಥೆ: ಶುದ್ಧ ಸೈನ್ ತರಂಗ ಕೊಡದ ಇನ್ವರ್ಟರಿನದು. ಇವೆಲ್ಲ ಅಲ್ಲವೆಂದಾದರೆ ಆರ್‌ಸಿಎ ಕೇಬಲ್ಲಿನ ನಡುವೆ, ತಂತಿಯ ನೇರ ಸಂಪರ್ಕವಿಲ್ಲದೆಯೇ ಸಂಕೇತ ದಾಟಿಸುವ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಅಗ್ಗದವು ತಳದ ಬಾಸನ್ನೇ ತಿಂದುಹಾಕುತ್ತವೆ. 20 ಹರ್ಟ್ಸ್‌ವರೆಗೂ ಸಮನಾಗಿ ದಾಟಿಸುತ್ತದೆ ಎಂದು ವಿವರಗಳಲ್ಲಿ ಬರೆದಿರುವುದನ್ನೇ ಕೇಳಿ ಕೊಳ್ಳಿ.