ಪಂಚಾಂಗ (ಮನೆಯ ಅಡಿಪಾಯ) ಹಾಕಿ ಒಂದು ಮಳೆಗಾಲ ಬಿಡ್ಬೇಕಾ? (ಮತ್ತೊಮ್ಮೆ ಅದೇ ಪ್ರಶ್ನೆ, ಮತ್ತೊಮ್ಮೆ ಅದೇ ಉತ್ತರ)

ಪ್ರಶ್ನೆ: "ಸಾರ್, ನಮ್ದು ಉಡುಪಿ ಹತ್ರ ಹತ್ತು ಸೆಂಟ್ಸ್ ಜಾಗ, ಗದ್ದೆಗೆ ಮಣ್ಣು ತುಂಬಿಸಿದ್ದು. ಮೇ ತಿಂಗಳಲ್ಲಿ ಪಂಚಾಂಗ ಹಾಕಿ ಒಂದು ಮಳೆಗಾಲ ಹಾಗೇ ಬಿಟ್ರೆ ಚೆನ್ನಾಗಿ ಕೂತು ಗಟ್ಟಿ ಆಗ್ತದೆ ಅಂತ ಮಾವ ಹೇಳ್ತಾರೆ, ಮೇಸ್ತ್ರಿಯೂ ಹೌದು ಅಂತಾರೆ. ಹಾಗೆ ಮಾಡ್ಬಹುದಾ?"

ಬೇಡ ಮಾರಾಯ್ರೆ.

ಇಷ್ಟಕ್ಕೇ ನಿಲ್ಲಿಸಿದ್ರೆ ಬರುವ ವಾರ ಇನ್ನೊಬ್ರು ಇದನ್ನೇ ಕೇಳ್ತಾರೆ, ಪ್ರತಿ ಏಪ್ರಿಲಿಗೆ ಮಾವಿನ ಮಿಡಿ ಬಂದ ಹಾಗೆ ಈ ಪ್ರಶ್ನೆಯೂ ಬರ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ಮೊದಲು ನಿಮ್ಮ ಮಾವ ಸುಳ್ಳು ಹೇಳ್ತಾ ಇಲ್ಲ. ಅವರ ಕಾಲದಲ್ಲಿ ಪಂಚಾಂಗ ಅಂದ್ರೆ ಕಪ್ಪುಕಲ್ಲೋ ಕೆಂಪುಕಲ್ಲೋ ಮಣ್ಣಿನ ಗಾರೆಯಲ್ಲಿ ಕಟ್ಟಿ, ಒಳಗೆ ಕೆಂಪು ಮಣ್ಣು ತುಂಬಿಸಿ ಬಿಡುವುದು. ಮಳೆ ಬಿದ್ರೆ ಆ ತುಂಬಿಸಿದ ಮಣ್ಣು ನಿಜವಾಗ್ಲೂ ಕೂರ್ತಿತ್ತು, ಸಂದಿನ ಗಾರೆಯೂ ಕೂರ್ತಿತ್ತು. ಮತ್ತೆ ಗೋಡೆಗೆ ದುಡ್ಡು ಒಟ್ಟಾಗ್ಲಿಕ್ಕೂ ಒಂದು ವರ್ಷ ಬೇಕಿತ್ತಲ್ಲ, ಅದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ನಿಮ್ದು ಕಬ್ಬಿಣ ಹಾಕಿದ ಕಾಂಕ್ರೀಟ್ ಫೂಟಿಂಗ್, ಅಂದ್ರೆ ಕಂಬದ ಬುಡಕ್ಕೆ ಹಾಕುವ ಅಗಲದ ಪಾದ. ಹೆಸರು ಅದೇ ಪಂಚಾಂಗ, ಸಾಮಾನು ಬೇರೆ.

ಈಗ "ಕೂರೋದು" ಅಂದ್ರೆ ಎಂಥ ಅಂತ ನೋಡುವ. ಫೂಟಿಂಗ್ ಅಡಿಯ ಮಣ್ಣು ಕೂರೋದು ಮೇಲೆ ಭಾರ ಬಿದ್ದಾಗ. ಸಾವಿರ ಸ್ಕ್ವೇರ್ ಫೀಟಿನ ಮನೆಗೆ ಐದು ಇಂಚಿನ ಸ್ಲ್ಯಾಬ್ ಹಾಕಿದ್ರೆ ಆ ಸ್ಲ್ಯಾಬೇ ಹತ್ರಹತ್ರ 30 ಟನ್, ಅದಕ್ಕೆ ಗೋಡೆ, ಕಂಬ, ಹೆಂಚು, ನಿಮ್ಮ ಗೋದ್ರೆಜ್ ಕಪಾಟು ಎಲ್ಲ ಸೇರ್ಬೇಕು. ಮಳೆಗಾಲದಲ್ಲಿ ಖಾಲಿ ನಿಂತ ಪಂಚಾಂಗದ ಮೇಲೆ ಇದರಲ್ಲಿ ಎಷ್ಟುಂಟು? ಏನೂ ಇಲ್ಲ! ಭಾರವೇ ಇಲ್ಲದೆ ಕೂರೋದು ಹೇಗೆ? ಅದೂ ಗದ್ದೆಯ ಜೇಡಿ ಮಣ್ಣು ಕೂರ್ಬೇಕಾದ್ರೆ ಒಳಗಿನ ನೀರು ಹಿಂಡಿ ಹೊರಗೆ ಹೋಗ್ಬೇಕು, ಅದಕ್ಕೆ ವರ್ಷಗಟ್ಟಲೆ ಬೇಕು, ಮಳೆ ಮಾಡೋದು ನೀರು ಹೊರಗೆ ಹಾಕುವ ಕೆಲಸ ಅಲ್ಲ, ಒಳಗೆ ತುಂಬಿಸುವ ಕೆಲಸ. ಇನ್ನು ಕಾಂಕ್ರೀಟ್ ಗಟ್ಟಿ ಆಗ್ಲಿಕ್ಕೆ ಮಳೆಗಾಲ ಬೇಕು ಅನ್ನೋರಿಗೆ, ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿ ಆಗೋದು, ನಾವು ಲೆಕ್ಕ ಹಾಕುವ ಶಕ್ತಿ 28 ದಿನಕ್ಕೆ ಬರ್ತದೆ. ನಾಲ್ಕು ತಿಂಗಳು ಬೇಕಾಗಿಲ್ಲ.

ಆ ನಾಲ್ಕು ತಿಂಗಳಲ್ಲಿ ನಿಜವಾಗಿ ಆಗೋದು ಎಂಥ ಅಂತ ಕಾಪು ಕಡೆಯ ಒಂದು ಸೈಟಲ್ಲಿ ನೋಡಿದ್ದೇನೆ. ಅಕ್ಟೋಬರಲ್ಲಿ ಕರೆದ್ರು, ಹೋದೆ. ಗುಂಡಿ ಮುಚ್ಚಿರ್ಲಿಲ್ಲ, ಮೊಣಕಾಲಿನವರೆಗೆ ನೀರು, ಕಪ್ಪೆ ಮರಿಗಳು. ಕಂಬಕ್ಕೆ ಅಂತ ಮೇಲೆ ಬಿಟ್ಟ ರಾಡ್‌ಗಳು ಕಡಲ ಗಾಳಿಗೆ ಕುಂಕುಮದ ಬಣ್ಣ. ಬೆರಳಿಂದ ಉಜ್ಜಿದ್ರೆ ಬರೇ ಪುಡಿ ಬಂದ್ರೆ ತೊಂದ್ರೆ ಇಲ್ಲ, ವಯರ್ ಬ್ರಷ್ ಹಾಕಿದ್ರೆ ಹೋಗ್ತದೆ, ಇದು ಉಗುರಲ್ಲಿ ಕೆರೆದ್ರೆ ಹಪ್ಪಳದ ಹಾಗೆ ಪದರ ಪದರ ಏಳ್ತಿತ್ತು. ಫೂಟಿಂಗಿನ ಬದಿಯ ಮಣ್ಣಿಗೆ ಒಂದು ಉದ್ದ ರಾಡ್ ಒತ್ತಿದೆ, ಜೋರು ಹಾಕದೆ ಮೊಣಕೈಯಷ್ಟು ಒಳಗೆ ಹೋಯ್ತು. ಮನೆಯವರು ಕೇಳಿದ್ರು, "ಚೆನ್ನಾಗಿ ಕೂತಿದೆಯಲ್ಲ ಸಾರ್?" ನಾನು ಎಂಥ ಹೇಳೋದು!

ಒಂದು ವಿಷಯಕ್ಕೆ ಮಾತ್ರ ಮಳೆ ಸಹಾಯ ಮಾಡ್ತದೆ, ಪ್ಲಿಂತ್ (ಮನೆ ನೆಲದ ಮಟ್ಟಕ್ಕೆ ಎಬ್ಬಿಸುವ ಕಟ್ಟೆ) ಒಳಗೆ ತುಂಬಿಸಿದ ಮಣ್ಣಿಗೆ. ಅದಕ್ಕೂ ಮಳೆ ಕಾಯೋದು ಸೋಮಾರಿತನ. ಅರ್ಧ ಅರ್ಧ ಅಡಿ ಹಾಕಿ, ನೀರು ಬಿಟ್ಟು, ಧಮ್ಮಸ್ಸು ಹೊಡೀರಿ. ಒಂದೇ ಸಲ ಟಿಪ್ಪರಲ್ಲಿ ಮೂರಡಿ ಸುರಿದು ಮೇಲೆ ಟೈಲ್ಸ್ ಹಾಕಿದ್ರೆ ಎರಡನೇ ವರ್ಷ ಹಾಲ್ ಮಧ್ಯ ನಡೆಯುವಾಗ ಡಬ್ ಡಬ್ ಶಬ್ದ ಬರ್ತದೆ, ಆಮೇಲೆ ಪಂಚಾಂಗ ಸರಿ ಇಲ್ಲ ಅಂತ ಮೇಸ್ತ್ರಿಗೆ ಬೈತೀರಿ.

ಹಾಗಾದ್ರೆ ಯಾವಾಗ ಹಾಕೋದು? ನನ್ನ ಲೆಕ್ಕ ಪತ್ತನಾಜೆ, ಅಂದ್ರೆ ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಫೂಟಿಂಗ್ ಮುಗಿದು, ಗುಂಡಿ ಮುಚ್ಚಿ, ಪ್ಲಿಂತ್ ಬೀಮ್ (ಕಂಬಗಳನ್ನು ಬುಡದಲ್ಲಿ ಸೇರಿಸುವ ಕಾಂಕ್ರೀಟ್ ತೊಲೆ) ಆಗಿರ್ಬೇಕು. ಮೇ ಕೊನೆಗೆ ಶುರು ಮಾಡುವ ಅನ್ನುವವರು 2025 ನೆನಪು ಮಾಡ್ಕೊಳ್ಳಿ, ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂದಿತ್ತು, ಸರಿಯಾಗಿ ಪತ್ತನಾಜೆ ಹೊತ್ತಿಗೆ. ಆಗದಿದ್ರೆ ಅಕ್ಟೋಬರ್ ದಾಟಲಿ, ಜಾಗ ಎಲ್ಲಿಗೂ ಓಡಿ ಹೋಗೋದಿಲ್ಲ.

ಮಳೆಯಲ್ಲೇ ಹಾಕ್ಲೇಬೇಕು ಅಂತಾದ್ರೆ ಹಾಕ್ಬಹುದು, ಹೆದರುವಂಥದ್ದಲ್ಲ, ಆದ್ರೆ ಗುಂಡಿಯ ನೀರು ಪಂಪಲ್ಲಿ ತೆಗ್ದು ಅಡಿಯ ಕೆಸರು ಕೆರೆದು ಪಿಸಿಸಿ (ಕಬ್ಬಿಣ ಇಲ್ಲದ ಬರೇ ಕಾಂಕ್ರೀಟ್) ಹಾಕಿ ಆಮೇಲೆ ರಾಡ್ ಇಡಿ, ಹಾಕಿದ ಮೇಲೆ ನಾಲ್ಕಾರು ಗಂಟೆ ಟರ್ಪಾಲು ಬಿಗಿದು ಕಟ್ಟಿ, ಯಾಕಂದ್ರೆ ಹಸಿ ಕಾಂಕ್ರೀಟ್ ಮೇಲೆ ಜಡಿಮಳೆ ಬಿದ್ರೆ ಸಿಮೆಂಟ್ ಹಾಲು ಹರಿದು ಹೋಗಿ ಜಲ್ಲಿ ಕಾಣ್ತದೆ. ಕಾಂಕ್ರೀಟ್ ಒಮ್ಮೆ ಬಿಗಿದ ಮೇಲೆ ಎಷ್ಟು ಮಳೆ ಬಂದ್ರೂ ಅದಕ್ಕೆ ಒಳ್ಳೇದೇ. ಜನ ಮರೆಯೋದು ಹೊಯಿಗೆ (ಮರಳು). ಒಂದು ಚೀಲ ಸಿಮೆಂಟಿಗೆ 80 ಕಿಲೋ ಹೊಯಿಗೆ ಅಂತ ಇಟ್ಕೊಳ್ಳಿ, ಅದು ನೂರಕ್ಕೆ ಐದರಷ್ಟು ಒದ್ದೆ ಇದ್ರೆ ಅಲ್ಲೇ 4 ಲೀಟರ್ ನೀರು ಬಂದಾಯ್ತು. ಚೀಲಕ್ಕೆ 25 ಲೀಟರ್ ಅಂತ ಬಕೆಟ್ ಲೆಕ್ಕ ಹಾಕುವವರು ಈ ನಾಲ್ಕನ್ನು ಕಡಿಮೆ ಮಾಡೋದಿಲ್ಲ.

ಬೇಸಿಗೆಯಲ್ಲಿ ಉಲ್ಟಾ ಸಮಸ್ಯೆ. ಬಿಸಿಲಿಗೆ, ಕಡಲ ಗಾಳಿಗೆ ಮೇಲ್ಭಾಗ ಬೇಗ ಒಣಗಿ ಸಣ್ಣ ಬಿರುಕು ಬಿಡ್ತದೆ, ಬೆಳಿಗ್ಗೆ ಬೇಗ ಶುರು ಮಾಡಿ, ಗೋಣಿ ಹಾಸಿ ನೀರು ಬಿಡಿ. ಈಗ ಸಿಗುವ ಪಿಪಿಸಿ (ಹಾರುಬೂದಿ ಸೇರಿಸಿದ) ಸಿಮೆಂಟಿಗೆ ಏಳು ದಿನ ನೀರು ಬಿಟ್ರೆ ಸಾಲದು, ಕನಿಷ್ಠ 10, ಸಾಧ್ಯ ಆದ್ರೆ 14. ಮತ್ತೆ ಮೇಯಲ್ಲಿ ಕಡಲ ಬದಿಯ ಬಾವಿ ನೀರು ಉಪ್ಪಾಗಿದ್ರೆ ದಯಮಾಡಿ ಅದನ್ನು ಹಾಕ್ಬೇಡಿ, ಕಲಸ್ಲಿಕ್ಕೂ ಬೇಡ, ಬಿಡ್ಲಿಕ್ಕೂ ಬೇಡ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಕಬ್ಬಿಣ ಇರುವ ಕಾಂಕ್ರೀಟಿಗೆ ಲೀಟರ್ ನೀರಲ್ಲಿ ಕ್ಲೋರೈಡ್ 500 ಮಿಲಿಗ್ರಾಂ ಮೀರಬಾರದು. ಬಾಯಿಗೆ ಉಪ್ಪು ಹತ್ತಿದ್ರೆ ಟ್ಯಾಂಕರ್ ತರಿಸಿ.

ನೀವು ಕೇಳ್ಲಿಲ್ಲ, ಆದ್ರೂ ಒಂದು ಹೇಳ್ತೇನೆ, ಯಾಕಂದ್ರೆ ಕೇಳ್ಬೇಕಾದ್ದು ಇದೇ ಆಗಿತ್ತು: ಎಷ್ಟು ಆಳ? "ಆಳ ಹೋದಷ್ಟು ಗಟ್ಟಿ" ಅನ್ನೋದು ನಮ್ಮೂರಲ್ಲಿ ಯಾವಾಗ್ಲೂ ನಿಜ ಅಲ್ಲ. ಗುಡ್ಡೆ ಜಾಗದಲ್ಲಿ ಮೇಲೆ ಮುರಕಲ್ಲಿನ (ಕೆಂಪುಕಲ್ಲಿನ) ಗಟ್ಟಿ ಪದರ, ಅದರ ಕೆಳಗೆ ಶೇಡಿ ಮಣ್ಣು, ಬಿಳಿ, ಗುಲಾಬಿ, ಹಳದಿ ಬಣ್ಣದ್ದು, ಒಣಗಿದ್ದಾಗ ಪಿಕ್ಕಾಸಿಗೂ ಬಗ್ಗೋದಿಲ್ಲ, ನೀರು ಕುಡಿದ್ರೆ ದೋಸೆ ಹಿಟ್ಟು. ಒಳ್ಳೇ ಮುರಕಲ್ಲು ಸಿಕ್ಕಿದ ಮೇಲೂ ಇನ್ನೆರಡು ಅಡಿ ಇರ್ಲಿ ಅಂತ ಜೆಸಿಬಿ ಹಾಕಿ ಶೇಡಿಗೆ ಇಳಿಸಿದವರನ್ನು ನೋಡಿದ್ದೇನೆ. ನಿಮ್ಮ ಗದ್ದೆ ಜಾಗದ ಕಥೆ ಬೇರೆ, ತುಂಬಿಸಿದ ಮಣ್ಣಿನ ಮೇಲೆ ಫೂಟಿಂಗ್ ಇಡ್ಲೇಬೇಡಿ, ಅದು ಹತ್ತು ಮಳೆಗಾಲ ಕಂಡಿದ್ರೂ. ಅದನ್ನೂ ಅದರಡಿಯ ಕೆಸರನ್ನೂ ದಾಟಿ ಗಟ್ಟಿ ನೆಲ ಮುಟ್ಬೇಕು, ಮುಟ್ಲಿಕ್ಕೆ ಆಗದಷ್ಟು ಕೆಳಗಿದ್ರೆ ರಾಫ್ಟೋ (ಇಡೀ ಮನೆಯಡಿಗೆ ಒಂದೇ ಕಾಂಕ್ರೀಟ್ ಹಾಸು) ಪೈಲೋ (ಆಳಕ್ಕೆ ಇಳಿಸುವ ಕಂಬ) ಅಂತ ಮಣ್ಣು ಪರೀಕ್ಷೆ ಮಾಡಿಸಿ ಇಂಜಿನಿಯರ್ ಹೇಳ್ಬೇಕು.

ಪರೀಕ್ಷೆಗೆ ಮೊದಲು ಖರ್ಚಿಲ್ಲದ ಕೆಲಸ ಒಂದುಂಟು. ಪಕ್ಕದ ಮನೆಯವರ ಬಾವಿಗೆ ಬಗ್ಗಿ ನೋಡಿ, ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ, ಬೆಳಕು ನೇರ ಬೀಳ್ತದೆ, ಯಾವ ಮಣ್ಣು ಎಷ್ಟು ಅಡಿಗೆ ಶುರು ಅಂತ ಗೋಡೆಯಲ್ಲೇ ಕಾಣ್ತದೆ. ರಿಂಗ್ ಇಳಿಸಿದ ಬಾವಿ ಆದ್ರೆ ಕಾಣೋದಿಲ್ಲ, ಆಗ ಅದನ್ನು ತೋಡಿದವರು ಯಾರು ಅಂತ ಕೇಳಿ ಅವರ ಹತ್ರ ಹೋಗಿ.